ಬಾದಾಮಿಗೆ ಒಂದು ದಿನ: ಓದುಗರ ಪ್ರಶ್ನೆಗಳು, ನಮ್ಮ ಉತ್ತರಗಳು

ಬಾದಾಮಿ ಟ್ರಿಪ್ ಬಗ್ಗೆ ಪ್ರಶ್ನೆ ಇದ್ರೆ ಬರೀರಿ ಅಂತ ಕೇಳಿದ್ವಿ, ತುಂಬಾ ಪತ್ರ ಬಂದಿವೆ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಇಲ್ಲಿ ಉತ್ತರ ಕೊಟ್ಟಿದೀವಿ.

ಹುಬ್ಬಳ್ಳಿಯಿಂದ ಒಬ್ಬ ಓದುಗರು: ನಾವು ನಾಲ್ಕು ಜನ, ಸ್ವಂತ ಕಾರು. ಬೆಳಿಗ್ಗೆ 5ಕ್ಕೆ ಹೊರಟು ಬಾದಾಮಿ, ಬನಶಂಕರಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ, ಟೈಮ್ ಉಳಿದ್ರೆ ಕೂಡಲಸಂಗಮ, ಎಲ್ಲಾ ಮುಗಿಸಿ ರಾತ್ರಿ ವಾಪಸ್ ಬರೋ ಪ್ಲಾನ್ ಇದೆ. ಯಾವ ಆರ್ಡರಲ್ಲಿ ಹೋದ್ರೆ ಚೆನ್ನಾಗಿರುತ್ತೆ?

ಬರೀ ಕಿಲೋಮೀಟರ್ ಲೆಕ್ಕ ಹಾಕಿದ್ರೆ ಸಾಧ್ಯ ಅನ್ಸುತ್ತೆ. ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿ.ಮೀ., ಅಲ್ಲಿಂದ ಐಹೊಳೆ ಇನ್ನೊಂದು 13-14 ಕಿ.ಮೀ., ಬನಶಂಕರಿ ಅಂತೂ ಬಾದಾಮಿಗೆ 5 ಕಿ.ಮೀ. ಅಷ್ಟೇ. ಆದ್ರೆ ದಯವಿಟ್ಟು ಹಾಗೆ ಮಾಡ್ಬೇಡಿ. ಆರು ಜಾಗದ ಮುಂದೆ ನಿಂತು ಫೋಟೋ ತೆಗೆಸ್ಕೊಂಡು ಮನೆಗೆ ಬಂದ್ಮೇಲೆ ಯಾವ ಕಂಬ ಎಲ್ಲಿಯದು ಅಂತ ಯಾರಿಗೂ ನೆನಪಿರಲ್ಲ, ಡ್ರೈವ್ ಮಾಡಿದವರಿಗೆ ಸೊಂಟ ನೋವು ಮಾತ್ರ ನೆನಪಿರುತ್ತೆ. ಒಂದೇ ದಿನ ಇದ್ರೆ ಆ ದಿನ ಪೂರ್ತಿ ಬಾದಾಮಿಗೆ ಕೊಡಿ. ಈ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿನೇ, ಯಾರು ಕೇಳಿದ್ರೂ ಇದನ್ನೇ ಹೇಳ್ತೀನಿ.

ನನ್ನ ಪ್ಲಾನ್ ಹೀಗಿದೆ. ಬೆಳಿಗ್ಗೆ ಗೇಟ್ ತೆಗೆಯೋ ಹೊತ್ತಿಗೆ ಬಂಡೆ ಕೊರೆದು ಮಾಡಿದ ಗುಹೆ ದೇವಸ್ಥಾನಗಳ ಹತ್ರ ಇರಿ, ದಾರಿ ಗೊತ್ತಾಗ್ದೇ ಇದ್ರೆ ಊರಲ್ಲಿ ಮೇಣಬಸದಿ ಎಲ್ಲಿ ಅಂತ ಕೇಳಿ, ತೋರಿಸ್ತಾರೆ. ಸ್ಕೂಲ್ ಟೂರ್ ಬಸ್ಸುಗಳು ಬರೋಕೆ ಮುಂಚೆ ನಾಲ್ಕೂ ಗುಹೆ ನಿಧಾನಕ್ಕೆ ನೋಡ್ಬಹುದು. ಎರಡ್ಮೂರು ಗಂಟೆ ಬೇಕೇ ಬೇಕು. ಒಳಗೆ ಹೋದ ತಕ್ಷಣ ಮೊಬೈಲ್ ಟಾರ್ಚ್ ಹಾಕ್ಬೇಡಿ, ಸುಮ್ನೆ ಎರಡು ನಿಮಿಷ ನಿಂತ್ಕೊಳ್ಳಿ, ಕಣ್ಣು ಕತ್ತಲೆಗೆ ಹೊಂದಿಕೊಂಡ್ಮೇಲೆ ಮೊದಲು ಬರೀ ಕಪ್ಪಾಗಿ ಕಾಣ್ತಿದ್ದ ಛಾವಣಿಯಲ್ಲಿ ಒಂದೊಂದೇ ಕೆತ್ತನೆ ಎದ್ದು ಬರುತ್ತೆ. ಬಿಸಿಲು ಜೋರಾದಾಗ ಬನಶಂಕರಿಗೆ ಹೋಗಿ ದರ್ಶನ ಮುಗಿಸಿ, ದೇವಸ್ಥಾನದ ಹೊರಗೆ ಬುಟ್ಟಿ ಇಟ್ಕೊಂಡು ಕೂತಿರೋ ಅವ್ವಂದಿರ ಹತ್ರ ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು ಊಟ ಮಾಡಿ. ಬಾದಾಮಿಗೆ ಹೋಗಿ ಹೋಟೆಲಲ್ಲಿ ಫ್ರೈಡ್ ರೈಸ್ ತಿಂದು ಬರೋರನ್ನ ಕಂಡ್ರೆ ನನಗೆ ನಿಜವಾಗ್ಲೂ ಬೇಜಾರಾಗುತ್ತೆ.

ಮಧ್ಯಾಹ್ನ ವಾಪಸ್ ಬಂದು ಪುರಾತತ್ವ ಇಲಾಖೆ ಮ್ಯೂಸಿಯಂ ನೋಡಿ, ಒಳಗೆ ತಂಪಾಗಿರುತ್ತೆ. ಶುಕ್ರವಾರ ಅದಕ್ಕೆ ರಜೆ, ಪ್ಲಾನ್ ಮಾಡೋವಾಗ ಇದೊಂದು ನೆನಪಿಟ್ಕೊಳ್ಳಿ. ಅಲ್ಲಿರೋ ಲಜ್ಜಾಗೌರಿ ಶಿಲ್ಪ ಮಿಸ್ ಮಾಡ್ಬೇಡಿ, ತಲೆ ಜಾಗದಲ್ಲಿ ಅರಳಿದ ಕಮಲ ಇರೋ ತಾಯಿ ರೂಪ. ಕೆಲವರು ಮುಜುಗರದಿಂದ ಮಕ್ಕಳ ಕೈ ಹಿಡಿದು ಬೇಗ ದಾಟಿಸ್ತಾರೆ, ಹಾಗೆ ಮಾಡೋ ಅವಶ್ಯಕತೆ ಏನಿಲ್ಲ, ಬೆಳೆ, ಸಂತಾನ, ಸಮೃದ್ಧಿಗೆ ಬೇಡಿಕೊಂಡ ಜನ ಪೂಜೆ ಮಾಡಿದ ದೇವಿ ಅದು. ಮ್ಯೂಸಿಯಂ ಪಕ್ಕದಿಂದಲೇ ಉತ್ತರದ ಗುಡ್ಡಕ್ಕೆ ದಾರಿ ಇದೆ. ಎರಡು ದೊಡ್ಡ ಬಂಡೆಗಳ ಮಧ್ಯೆ ಇಕ್ಕಟ್ಟಾದ ಸೀಳು, ಅದರೊಳಗೆ ಮೆಟ್ಟಿಲು, ಮೇಲೆ ಹೋದ್ರೆ ಕೆಳಗಿನ ಶಿವಾಲಯ, ಮೇಲಿನ ಶಿವಾಲಯ ಸಿಗುತ್ವೆ. ಬೆಳಿಗ್ಗೆ ನೀವು ನೋಡಿದ ಗುಹೆಗಳು ಇಲ್ಲಿಂದ ಅಗಸ್ತ್ಯತೀರ್ಥ ಕೆರೆಯ ಆಚೆ ದಡದ ಕೆಂಪು ಗೋಡೆಯಲ್ಲಿ ಸಾಲಾಗಿ ಕಾಣ್ತವೆ, ಚಾಲುಕ್ಯರು ತಮ್ಮ ಇಡೀ ರಾಜಧಾನಿ ಯಾಕೆ ಇಲ್ಲೇ ಕಟ್ಟಿದ್ರು ಅನ್ನೋದು ಮೇಲೆ ನಿಂತಾಗ ತಾನಾಗೇ ಅರ್ಥ ಆಗುತ್ತೆ: ಎರಡು ಕಡೆ ಹತ್ತೋಕಾಗದ ಬಂಡೆ, ನಡುವೆ ನೀರು. ಮೊದಲನೇ ಪುಲಕೇಶಿ ಕ್ರಿ.ಶ. 543ರಲ್ಲಿ ಈ ಗುಡ್ಡಕ್ಕೆ ಕೋಟೆ ಕಟ್ಟಿಸಿದ ಅನ್ನೋ ಶಾಸನ ಇಲ್ಲಿನ ಬಂಡೆ ಮೇಲೇ ಇದೆ. ಸಂಜೆಗೆ ಕೆರೆಯ ಪೂರ್ವದ ತುದಿಯಲ್ಲಿರೋ ಭೂತನಾಥ ದೇವಸ್ಥಾನಕ್ಕೆ ಬನ್ನಿ.

ಪಟ್ಟದಕಲ್ಲು, ಐಹೊಳೆ ಬಿಡೋಕೆ ಮನಸ್ಸಿಲ್ಲ ಅಂದ್ರೆ ಬಾದಾಮಿಯಲ್ಲೇ ಒಂದು ರಾತ್ರಿ ಉಳ್ಕೊಳ್ಳಿ, ಮಾರನೇ ದಿನ ಅವೆರಡನ್ನೂ ಒಟ್ಟಿಗೆ ನೋಡ್ಬಹುದು. ಕೂಡಲಸಂಗಮ ಇನ್ನೊಂದು ಸಲಕ್ಕೆ ಇರ್ಲಿ.

ಗದಗದಿಂದ ಒಬ್ಬ ಓದುಗರು: ನಮ್ಮವ್ವಗ ಮೊಣಕಾಲು ನೋವು ಭಾಳ ಐತ್ರಿ. ಆದ್ರೂ ಬಾದಾಮಿ ನೋಡ್ಬೇಕಂತ ಆಸೆ ಮಾಡ್ಯಾಳ. ಕರ್ಕೊಂಡು ಹೋಗಬಹುದೇನ್ರಿ?

ಖಂಡಿತ ಕರ್ಕೊಂಡು ಹೋಗಿ. ನಾಲ್ಕರಲ್ಲಿ 1ನೇ ಗುಹೆ ಎಲ್ಲಕ್ಕಿಂತ ಕೆಳಗಿರೋದು, ಅಲ್ಲಿವರೆಗೆ ಕೂತು ಎದ್ದು ಹತ್ತಿದ್ರೆ ಸಾಕು. ಹದಿನೆಂಟು ಕೈಯ ನಟರಾಜ, ಹರಿಹರ, ಅರ್ಧನಾರೀಶ್ವರ ಎಲ್ಲಾ ಅಲ್ಲೇ ಇವೆ, ಅದೊಂದು ಗುಹೆ ನೋಡಿದ್ರೂ ಅವ್ವನ ಆಸೆ ತೀರುತ್ತೆ. ಮೇಲಿನ ಮೂರಕ್ಕೂ ಮೆಟ್ಟಿಲು ಜಾಸ್ತಿ, ಮೆಟ್ಟಿಲ ಎತ್ತರನೂ ಒಂದೇ ಸಮ ಇಲ್ಲ, ಇಳಿಯೋವಾಗ ಮೊಣಕಾಲಿಗೆ ಇನ್ನೂ ಕಷ್ಟ. ನೀವು ಒಬ್ಬರಾದ ಮೇಲೆ ಒಬ್ಬರು ಮೇಲೆ ಹೋಗಿ ಬನ್ನಿ, ಅವ್ವನ್ನ ಒಂಟಿಯಾಗಿ ಬಿಡ್ಬೇಡಿ, ಕೋತಿಗಳ ಕಾಟ ಇದೆ. ಮ್ಯೂಸಿಯಂ, ಕೆರೆ ದಂಡೆ ನಡಿಗೆ ಅಷ್ಟೇನೂ ಕಷ್ಟ ಆಗಲ್ಲ. ಉತ್ತರದ ಗುಡ್ಡ ಮಾತ್ರ ಬೇಡ.

ಇನ್ನೊಂದು ಮಾತು, ಅವರಿಗೆ ಪಟ್ಟದಕಲ್ಲು ಬಾದಾಮಿಗಿಂತ ಸುಲಭ. ಮಲಪ್ರಭಾ ದಂಡೆಯಲ್ಲಿ ಸಮತಟ್ಟಾದ ಜಾಗ, ಹುಲ್ಲುಹಾಸಿನ ನಡುವೆ ದಾರಿ, ಹೆಚ್ಚಿನ ದೇವಸ್ಥಾನಗಳು ಒಂದೇ ಆವರಣದಲ್ಲಿ ಇವೆ. ಮೇಲೆ ಹುಬ್ಬಳ್ಳಿಯವರಿಗೆ ಬಾದಾಮಿ ಒಂದೇ ಸಾಕು ಅಂದಿದ್ದೆ, ನಿಮ್ಮ ವಿಷಯದಲ್ಲಿ ಆ ಮಾತು ಬದಲಾಗುತ್ತೆ: ಬೆಳಿಗ್ಗೆ ಬಾದಾಮಿಯ 1ನೇ ಗುಹೆ, ಆಮೇಲೆ ಬನಶಂಕರಿ, ಸಂಜೆ ಪಟ್ಟದಕಲ್ಲು. ಅಲ್ಲಿನ ವಿರೂಪಾಕ್ಷ ದೇವಸ್ಥಾನ ಕಟ್ಟಿಸಿದ್ದು ಎರಡನೇ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ, ಗಂಡ ಕಂಚಿಯ ಪಲ್ಲವರನ್ನ ಗೆದ್ದ ನೆನಪಿಗೆ. ಅಷ್ಟು ದೊಡ್ಡ ಗುಡಿ ಒಬ್ಬ ಹೆಣ್ಣುಮಗಳು ಕಟ್ಟಿಸಿದ್ದು ಅಂತ ಅವ್ವನಿಗೆ ಹೇಳಿ, ಖುಷಿ ಪಡ್ತಾರೆ.

ಮೈಸೂರಿನ ಕಾಲೇಜು ವಿದ್ಯಾರ್ಥಿನಿ: ಅಷ್ಟು ದೊಡ್ಡ ಬಂಡೇನ ಮೆಷಿನ್ ಇಲ್ದೆ ಹೇಗೆ ಕೊರೆದ್ರು? ನೆಟ್ಟಲ್ಲಿ ಏನೇನೋ ವಿಡಿಯೋ ಇದಾವೆ, ನಂಬೋದೋ ಬಿಡೋದೋ ಗೊತ್ತಾಗ್ತಿಲ್ಲ.

ಆ ವಿಡಿಯೋಗಳನ್ನ ಬಿಟ್ಬಿಡಿ. ಉಳಿ, ಸುತ್ತಿಗೆ, ಮನುಷ್ಯರ ಕೈ, ಇಷ್ಟೇ. ಅನ್ಯಲೋಕದವರು ಬಂದು ಮಾಡಿದ್ರು ಅನ್ನೋದು ನಮ್ಮ ಶಿಲ್ಪಿಗಳಿಗೆ ಮಾಡೋ ಅವಮಾನ.

ಮೊದಲು ಕಲ್ಲಿನ ಬಗ್ಗೆ ಹೇಳ್ತೀನಿ. ಬಾದಾಮಿಯದು ಮರಳುಗಲ್ಲು. ಬಹಳ ಹಿಂದೆ ನೀರಿನ ತಳದಲ್ಲಿ ಮರಳು ಪದರ ಪದರವಾಗಿ ಕೂತು ಗಟ್ಟಿಯಾಗಿ ಆದ ಕಲ್ಲು ಅದು, ಗುಹೆ ಗೋಡೆಯನ್ನ ಹತ್ರದಿಂದ ನೋಡಿದ್ರೆ ಕೆಂಪು, ತಿಳಿಗೆಂಪು, ಹಳದಿ ಪಟ್ಟೆಗಳು ಓರೆಯಾಗಿ ಹರಿದಿರೋದು ಕಾಣುತ್ತೆ, ಕೆಲವು ಕಡೆ ಕೆತ್ತಿದ ಮೂರ್ತಿಯ ಮೈಮೇಲೇ ಆ ಪಟ್ಟೆ ಹಾದುಹೋಗಿರುತ್ತೆ. ಗ್ರಾನೈಟಿಗೆ ಹೋಲಿಸಿದ್ರೆ ಮೆದು, ಉಳಿಗೆ ಬಗ್ಗುತ್ತೆ, ಸೂಕ್ಷ್ಮ ಕೆಲಸಕ್ಕೂ ಒದಗುತ್ತೆ. ಪದರಗಳು ಹೆಚ್ಚುಕಮ್ಮಿ ಅಡ್ಡಕ್ಕೆ ಇರೋದ್ರಿಂದ ಸಪಾಟು ಛಾವಣಿ ಬಿಡಿಸೋಕೂ ಅನುಕೂಲ.

ಇನ್ನು ಕೆಲಸದ ಕ್ರಮ. ಮನೆ ಕಟ್ಟೋವಾಗ ಪಾಯದಿಂದ ಶುರು ಮಾಡಿ ಕೊನೆಗೆ ಛಾವಣಿ ಹಾಕ್ತೀವಿ. ಇಲ್ಲಿ ಪೂರ್ತಿ ಉಲ್ಟಾ, ಛಾವಣಿ ಮೊದಲು, ನೆಲ ಕೊನೆಗೆ. ಬಂಡೆಯ ಮುಖವನ್ನ ನೇರ ಮಾಡ್ಕೊಂಡು, ಮೇಲಿನಿಂದ ಒಳಕ್ಕೆ ಕೊರೀತಾ, ಆಮೇಲೆ ಕೆಳಕ್ಕೆ ಇಳೀತಾ ಹೋಗೋದು. ಹಾಗೆ ಮಾಡಿದ್ರೆ ಅಟ್ಟಣಿಗೆ ಕಟ್ಟೋ ಕೆಲಸ ಉಳಿಯುತ್ತೆ, ನಾಳೆ ತೆಗೆದು ಹಾಕ್ಬೇಕಾದ ಕಲ್ಲಿನ ಮೇಲೇ ಇವತ್ತು ನಿಂತು ಮೇಲಿನ ಕೆತ್ತನೆ ಮುಗಿಸ್ಬಹುದು. ಕಂಬಗಳನ್ನ ತಂದು ನಿಲ್ಲಿಸಿದ್ದಲ್ಲ, ಸುತ್ತ ಇದ್ದ ಬಂಡೆಯನ್ನ ತೆಗೆದು ಕಂಬಕ್ಕೆ ಬೇಕಾದಷ್ಟನ್ನ ಉಳಿಸಿದ್ದು. ಅಂದ್ರೆ ಮೊದಲ ಏಟು ಹಾಕೋ ಹೊತ್ತಿಗೇ ಎಲ್ಲಿ ಕಂಬ, ಎಲ್ಲಿ ಮೂರ್ತಿ, ಗರ್ಭಗುಡಿ ಎಷ್ಟು ಒಳಗೆ ಅನ್ನೋದು ಪೂರ್ತಿ ತಲೆಯಲ್ಲಿ ಇರ್ಬೇಕು, ಯಾಕಂದ್ರೆ ಒಮ್ಮೆ ಹಾರಿಹೋದ ಚಕ್ಕೆ ವಾಪಸ್ ಅಂಟಲ್ಲ. 3ನೇ ಗುಹೆಯ ಮುಂಭಾಗ ಸುಮಾರು 70 ಅಡಿ ಅಗಲ ಇದೆ, ಅಷ್ಟುದ್ದಕ್ಕೂ ಆ ಲೆಕ್ಕ ತಪ್ಪಿಲ್ಲ. ಅಲ್ಲಿ ನಿಂತು ಈ ವಿಷಯ ಯೋಚನೆ ಮಾಡಿ ನೋಡಿ, ಮೈ ಜುಂ ಅನ್ನುತ್ತೆ.

ಛಾವಣಿಯಲ್ಲಿ ತೊಲೆಗಳ ಥರ ಕೆತ್ತಿರೋದನ್ನೂ ಗಮನಿಸಿ. ಒಂದೇ ಬಂಡೆ ಆದ್ಮೇಲೆ ತೊಲೆ ಯಾಕೆ ಬೇಕು ಹೇಳಿ? ಮರದಲ್ಲಿ ಕಟ್ಟಿ ಅಭ್ಯಾಸ ಆಗಿದ್ದ ರೂಪವನ್ನೇ ಕಲ್ಲಲ್ಲೂ ತಂದಿದಾರೆ.

ಯಾರ ಕಾಲದ್ದು ಅನ್ನೋದಕ್ಕೂ ಸಾಕ್ಷಿ ಅಲ್ಲೇ ಇದೆ. 3ನೇ ಗುಹೆಯಲ್ಲಿ ಚಾಲುಕ್ಯ ವಂಶದ ಮಂಗಳೇಶನ ಶಾಸನ ಇದೆ, ಶಕ 500, ಅಂದ್ರೆ ಕ್ರಿ.ಶ. 578ರ ಕಾರ್ತಿಕ ಹುಣ್ಣಿಮೆ ದಿನ ವಿಷ್ಣುವಿನ ಪ್ರತಿಷ್ಠೆ ಮಾಡಿ ಅದರ ಪುಣ್ಯವನ್ನ ಅಣ್ಣ ಕೀರ್ತಿವರ್ಮನಿಗೆ ಅರ್ಪಿಸಿದ ಅಂತ. ಇಷ್ಟು ಖಚಿತವಾದ ತಾರೀಖು ಇರೋದ್ರಿಂದಲೇ ಈ ಕಾಲದ ಶಿಲ್ಪಕಲೆ ಓದೋರಿಗೆ ಬಾದಾಮಿ ಅಷ್ಟು ಮುಖ್ಯ. ಅಣ್ಣನ ಮೇಲೆ ಅಷ್ಟು ಪ್ರೀತಿ ಇದ್ದ ಇದೇ ಮಂಗಳೇಶ ಮುಂದೆ ಅಣ್ಣನ ಮಗನನ್ನ ಬಿಟ್ಟು ತನ್ನ ಮಗನಿಗೆ ಪಟ್ಟ ಕಟ್ಟೋಕೆ ಹೊರಟ, ಆ ಜಗಳದಲ್ಲಿ ಪ್ರಾಣನೂ ಕಳ್ಕೊಂಡ. ಗೆದ್ದ ಅಣ್ಣನ ಮಗ ಬೇರೆ ಯಾರೂ ಅಲ್ಲ, ಇಮ್ಮಡಿ ಪುಲಕೇಶಿ. ಈ ಕತೆ ಗೊತ್ತಾಗೋದು ಐಹೊಳೆಯ ಮೇಗುಟಿ ಬಸದಿಯಲ್ಲಿರೋ ಕವಿ ರವಿಕೀರ್ತಿಯ 634ರ ಶಾಸನದಿಂದ.

ಶಿವಮೊಗ್ಗದಿಂದ ಒಬ್ಬ ತಾಯಿ: ನನ್ನ ಮಕ್ಕಳಿಗೆ 7 ಮತ್ತು 10 ವರ್ಷ. ದೇವಸ್ಥಾನ, ಹಳೇ ಕಲ್ಲು ಅಂದ್ರೆ ಬೋರ್ ಅಂತಾರೆ. ಏನು ಮಾಡ್ಲಿ?

ಇತಿಹಾಸದ ಪಾಠ ಶುರು ಮಾಡ್ಬೇಡಿ, ಹುಡುಕೋ ಆಟ ಕೊಡಿ. 1ನೇ ಗುಹೆ ಬಾಗಿಲಲ್ಲಿ ದ್ವಾರಪಾಲಕನ ಕೆಳಗೆ ಒಂದು ಕೆತ್ತನೆ ಇದೆ, ಒಂದೇ ತಲೆ, ಎರಡು ಮೈ. ಒಂದು ಕಡೆಯಿಂದ ನೋಡಿದ್ರೆ ಆನೆ, ಇನ್ನೊಂದು ಕಡೆಯಿಂದ ನೋಡಿದ್ರೆ ಬಸವ. ಎಲ್ಲಿದೆ ಹುಡುಕು ಅನ್ನಿ. ಅದೇ ಗುಹೆಯ ಛಾವಣಿಯಲ್ಲಿ ಸುರುಳಿ ಸುತ್ತಿಕೊಂಡಿರೋ ನಾಗರಾಜ, 2ನೇ ಗುಹೆ ಛಾವಣಿಯಲ್ಲಿ ಮೀನುಗಳನ್ನೇ ಜೋಡಿಸಿ ಮಾಡಿದ ಚಕ್ರ. ಆಮೇಲೆ ಗುಹೆಗಳ ಕಟ್ಟೆಯ ಮೇಲೆ ಸಾಲಾಗಿ ಇರೋ ಗಣಗಳು, ಡೊಳ್ಳು ಹೊಟ್ಟೆ ಕುಳ್ಳರು, ಕೆಲವರು ಕುಣೀತಿದಾರೆ, ಕೆಲವರು ವಾದ್ಯ ಬಾರಿಸ್ತಿದಾರೆ, ಒಬ್ಬರ ಮುಖ ಇದ್ದಂಗೆ ಇನ್ನೊಬ್ಬರದಿಲ್ಲ. ಮಕ್ಕಳಿಗೆ ಅವು ಸರಿಯಾಗಿ ಕಣ್ಣಿನ ಎತ್ತರಕ್ಕೇ ಸಿಗ್ತಾವೆ, ದೊಡ್ಡವರು ಬಗ್ಗಿ ನೋಡ್ಬೇಕು. ನಟರಾಜನ ಕೈ ಎಣಿಸೋಕೆ ಹೇಳಿ, ನೃತ್ಯ ಕಲೀತಿರೋ ಮಗು ಆದ್ರೆ ಯಾವ ಕೈಯಲ್ಲಿ ಯಾವ ಮುದ್ರೆ ಅಂತ ಅದೇ ನಿಮಗೆ ಹೇಳಿಕೊಡುತ್ತೆ.

ತ್ರಿವಿಕ್ರಮನ ಮುಂದೆ ಮಾತ್ರ ಕತೆ ಹೇಳಿ. ಪುಟ್ಟ ವಾಮನ ಬಂದು ಮೂರು ಹೆಜ್ಜೆ ಜಾಗ ಕೇಳಿದ್ದು ಎಲ್ಲಾ ಮಕ್ಕಳಿಗೂ ಗೊತ್ತಿರೋ ಕತೆ, ಅದೇ ಕತೆ ಗೋಡೆ ಮೇಲೆ ಕಾಲು ಎತ್ತಿ ನಿಂತಿರೋದು ನೋಡಿದಾಗ ಬೋರ್ ಅನ್ನೋ ಮಾತು ಬರಲ್ಲ. 15 ವರ್ಷದ ಒಳಗಿನವರಿಗೆ ಟಿಕೆಟ್ ಇಲ್ಲ. ಕೈಯಲ್ಲಿ ಚಿಪ್ಸ್ ಪ್ಯಾಕೆಟ್, ಬಾಳೆಹಣ್ಣು, ಜ್ಯೂಸ್ ಬಾಟಲಿ ಬೇಡ, ಕೋತಿಗಳು ಸೀದಾ ಬಂದು ಕಿತ್ಕೊಳ್ತಾವೆ. ಕಿತ್ಕೊಂಡ್ರೆ ಬಿಟ್ಬಿಡಿ, ಎಳೆದಾಡ್ಬೇಡಿ. ಮೇಲಿನ ಗುಹೆಗಳ ಮುಂದಿನ ಅಂಚಿನಲ್ಲಿ ಮಕ್ಕಳ ಕೈ ಹಿಡಿದೇ ಇರಿ.

ಬೆಂಗಳೂರಿನಿಂದ ಒಬ್ಬ ಓದುಗರು: ಗೈಡ್ ತಗೊಳ್ಳೋದು ವೇಸ್ಟಾ?

ವೇಸ್ಟ್ ಅಲ್ಲ. ಇಲಾಖೆಯ ಗುರುತಿನ ಚೀಟಿ ಇರೋರನ್ನ ತಗೊಳ್ಳಿ, ರೇಟ್ ಮೊದಲೇ ಮಾತಾಡಿ, ಗುಹೆ ಮಾತ್ರನಾ ಅಥವಾ ಉತ್ತರದ ಗುಡ್ಡನೂ ಸೇರಿದೆಯಾ ಅಂತ ಕೇಳಿ. ಅವರು ಮುಗಿಸಿ ಹೋದ್ಮೇಲೆ ಇನ್ನೊಂದು ಸಲ ನೀವೇ ಸುಮ್ನೆ ಒಂದು ಸುತ್ತು ಹಾಕಿ.

ಕೊಪ್ಪಳದಿಂದ ಒಬ್ಬ ಕನ್ನಡ ಮೇಷ್ಟ್ರು: ಕಪ್ಪೆ ಅರಭಟ್ಟನ ಶಾಸನವನ್ನ ಮಕ್ಕಳಿಗೆ ತೋರಿಸಬೇಕು ಅಂತಿದೀನಿ. ಎಲ್ಲಿದೆ, ಹೋಗೋಕೆ ಬಿಡ್ತಾರಾ?

ಮೇಷ್ಟ್ರೇ, ನಿಮ್ಮ ಪತ್ರ ಓದಿ ತುಂಬಾ ಸಂತೋಷ ಆಯ್ತು. ಬಂದಿರೋ ಅಷ್ಟೂ ಪತ್ರದಲ್ಲಿ ಈ ಶಾಸನ ಕೇಳಿದವರು ನೀವೊಬ್ರೇ. ಗುಹೆ ನೋಡಿ ಕೆಳಗಿಳಿದು ಬಸ್ ಹತ್ತೋ ಜನರಿಗೆ ಅದೇ ಕೆರೆಯ ಆಚೆ ಕಡೆ ಕನ್ನಡ ಕಾವ್ಯದ ಇಷ್ಟು ದೊಡ್ಡ ಗುರುತು ಇದೆ ಅನ್ನೋದೇ ಗೊತ್ತಿರಲ್ಲ.

ಅಗಸ್ತ್ಯತೀರ್ಥದ ಆಚೆ ತಟ್ಟುಕೋಟೆ ಕಡೆಯ ಬಂಡೆ ಮುಖದ ಮೇಲೆ ಅದನ್ನ ಕೆತ್ತಿದಾರೆ. ಸ್ವಲ್ಪ ನಡಿಗೆ ಇದೆ, ಬೋರ್ಡ್ ನಂಬ್ಕೊಂಡು ಹೋಗ್ಬೇಡಿ, ಮ್ಯೂಸಿಯಂನಲ್ಲೋ ಭೂತನಾಥ ದೇವಸ್ಥಾನದ ಹತ್ರ ಇರೋ ಸಿಬ್ಬಂದಿಯನ್ನೋ ಕೇಳಿದ್ರೆ ದಾರಿ ಹೇಳ್ತಾರೆ. ದೊಡ್ಡ ತಂಡ ಆದ್ರಿಂದ ಮೊದಲೇ ಇಲಾಖೆಯವರಿಗೆ ಒಂದು ಪತ್ರ ಕೊಟ್ಟು ಹೋಗೋದು ಒಳ್ಳೇದು.

ಕಪ್ಪೆ ಅರಭಟ್ಟ ಅನ್ನೋ ವೀರನನ್ನ ಹೊಗಳೋ, ಸುಮಾರು ಕ್ರಿ.ಶ. 700ರ ಶಾಸನ ಅದು. ಹಲ್ಮಿಡಿ ಶಾಸನ ಇದಕ್ಕಿಂತ ಹಳೇದು ನಿಜ, ಆದ್ರೆ ನಮಗೆ ಸಿಕ್ಕಿರೋ ಮೊದಲ ತ್ರಿಪದಿಗಳು, ಅಂದ್ರೆ ಮೂರು ಸಾಲಿನ ಪದ್ಯಗಳು, ಇರೋದು ಇಲ್ಲಿ. “ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್ ಮಾಧವನೀತನ್ ಪೆರನಲ್ಲ” ಅನ್ನೋ ಪದ್ಯ ಮಕ್ಕಳಿಗೆ ಕ್ಲಾಸಲ್ಲೇ ಬಾಯಿಪಾಠ ಆಗಿರ್ಲಿ. ಒಳ್ಳೆಯವರಿಗೆ ಒಳ್ಳೆಯವನು, ಸಿಹಿಯಾಗಿರೋರಿಗೆ ಸಿಹಿ, ಕಾಡಿಸೋರಿಗೆ ಮಾತ್ರ ಬೇರೆಯೇ ಮನುಷ್ಯ, ಸಾಕ್ಷಾತ್ ಮಾಧವ. ಅದರ ಜೊತೆ ಇರೋ ಇನ್ನೊಂದು ತ್ರಿಪದಿಯಲ್ಲಿ ಕಟ್ಟಿಹಾಕಿದ ಸಿಂಹದ ಮಾತು ಬರುತ್ತೆ, ನಮಗೇನಾಗುತ್ತೆ ಅಂತ ಅದನ್ನ ಬಿಚ್ಚಿ ಬಿಟ್ಟವರ ಗತಿಯೇ ಇವನ ಶತ್ರುಗಳದ್ದೂ ಆಯ್ತು ಅಂತ. ರಾಜನ ವಂಶಾವಳಿ ಇಲ್ಲ, ದತ್ತಿ ವಿವರ ಇಲ್ಲ, ಒಬ್ಬ ಮನುಷ್ಯನ ಸ್ವಭಾವ ಅಷ್ಟೇ. ಕವಿ ಯಾರೋ, ಹೆಸರು ಹಾಕಿಲ್ಲ.

ನೀವು ಅಲ್ಲಿ ಮಾಡ್ಲೇಬೇಕಾದ ಒಂದು ಕೆಲಸ ಹೇಳ್ಲಾ? ಶಾಸನ ಓದಿಸಿದ ಮೇಲೆ ಮಕ್ಕಳ ಹತ್ರ ಸರ್ವಜ್ಞನ ಒಂದು ವಚನ ಹೇಳಿಸಿ, ಆಮೇಲೆ ಯಾವುದಾದ್ರೂ ಮಗುವಿಗೆ ಅಜ್ಜಿಯ ಬೀಸುವ ಹಾಡು ಗೊತ್ತಿದ್ರೆ ಅದನ್ನೂ ಹಾಡಿಸಿ. ಎಲ್ಲಾ ತ್ರಿಪದಿನೇ. 1300 ವರ್ಷದ ಹಿಂದಿನ ಮಟ್ಟು ತಮ್ಮ ಅಜ್ಜಿ ಬಾಯಲ್ಲಿ ಇದೆ ಅನ್ನೋದು ಆ ಬಂಡೆ ಮುಂದೆ ನಿಂತು ತಿಳಿದ್ರೆ ಮಕ್ಕಳು ಯಾವತ್ತೂ ಮರೆಯಲ್ಲ. ಲಿಪಿ ಓದೋಕೆ ಕಷ್ಟ ಆಗುತ್ತೆ, ಆದ್ರೆ ಕೆಲವು ಅಕ್ಷರಗಳನ್ನ ಗುರುತು ಹಿಡೀಬಹುದು, ಪಾಠದ ಒಂದು ಪ್ರತಿ ಎಲ್ಲರ ಕೈಗೂ ಕೊಟ್ಟು ಸಾಲು ಹೋಲಿಸೋಕೆ ಬಿಡಿ. ಅಕ್ಷರಗಳ ಮೇಲೆ ಸೀಮೆಸುಣ್ಣ ಬಳಿಯೋಕೆ, ನೀರು ಎರಚೋಕೆ ಯಾರಿಗೂ ಬಿಡ್ಬೇಡಿ.

ವಿಜಯಪುರದಿಂದ ಒಬ್ಬ ಓದುಗರು: ಗುಹೆ ಗೋಡೆ ಮೇಲೆ ಹೃದಯದ ಗುರುತು ಹಾಕಿ ಹೆಸರು ಕೆತ್ತಿರೋದು ನೋಡಿ ಸಿಟ್ಟು ಬಂತು. ಕೇಳೋರೇ ಇಲ್ವಾ?

ಸಿಟ್ಟು ಬರ್ಲೇಬೇಕು. 1958ರ ಪುರಾತನ ಸ್ಮಾರಕಗಳ ಕಾಯ್ದೆ ಪ್ರಕಾರ ಸಂರಕ್ಷಿತ ಸ್ಮಾರಕ ಹಾಳು ಮಾಡೋದು ಅಪರಾಧ, 2010ರ ತಿದ್ದುಪಡಿ ಆದ್ಮೇಲೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಣ್ಣೆದುರು ಯಾರಾದ್ರೂ ಕೆರೀತಿದ್ರೆ ಜಗಳಕ್ಕೆ ಹೋಗ್ಬೇಡಿ, ಸೀದಾ ಕಾವಲುಗಾರರನ್ನ ಕರೀರಿ.

ಕೆತ್ತೋದು ಎಲ್ಲರ ಕಣ್ಣಿಗೆ ಬೀಳುತ್ತೆ, ಮುಟ್ಟೋದು ಬೀಳಲ್ಲ. ಆದ್ರೆ ಅದೂ ಅಷ್ಟೇ ಹಾನಿ. ಮರಳುಗಲ್ಲು ಕಣ ಕಣವಾಗಿ ಉದುರೋ ಕಲ್ಲು, ಸಾವಿರಾರು ಕೈ ದಿನಾ ಸವರಿದ್ರೆ ಮೂಗು, ಬೆರಳು, ಆಭರಣದ ಗೆರೆ ಎಲ್ಲಾ ನುಣ್ಣಗಾಗುತ್ತೆ, ಬೆವರಿನ ಜಿಡ್ಡು ಕೂತು ಕಪ್ಪಾಗುತ್ತೆ. 3ನೇ ಗುಹೆಯ ಛಾವಣಿ ಕಡೆ ಆರನೇ ಶತಮಾನದ ಬಣ್ಣದ ಚಿತ್ರಗಳ ಸ್ವಲ್ಪ ಗುರುತು ಉಳಿದಿದೆ, ಹುಡುಕಿ ನೋಡಿದ್ರೆ ಮಾತ್ರ ಕಾಣೋಷ್ಟು ಮಸುಕು. ಒಂದು ಕಾಲದಲ್ಲಿ ಎಷ್ಟು ಬಣ್ಣ ಇತ್ತೋ ಊಹಿಸಿ. ಹೋದದ್ದು ಹೋಯ್ತು, ಇರೋದಾದ್ರೂ ಉಳೀಲಿ ಅಂತ ನನಗೂ ಒಳಗೊಳಗೇ ಸಂಕಟ ಆಗುತ್ತೆ.

ತುಮಕೂರಿನಿಂದ ಒಬ್ಬ ಓದುಗರು: ಯಾವ ತಿಂಗಳು ಒಳ್ಳೇದು? ರೈಲಲ್ಲಿ ಹೋಗಬಹುದಾ?

ಅಕ್ಟೋಬರಿಂದ ಫೆಬ್ರವರಿವರೆಗೆ ಒಳ್ಳೇದು, ಡಿಸೆಂಬರಲ್ಲಿ ಶಾಲಾ ಪ್ರವಾಸದ ಗದ್ದಲ ಇರುತ್ತೆ. ಏಪ್ರಿಲ್, ಮೇ ಬೇಡ, ಕಲ್ಲು ಕಾದು ಬರಿಗಾಲು ಇಡೋಕಾಗಲ್ಲ. ನನಗೆ ಇಷ್ಟ ಅಂದ್ರೆ ಮಳೆಗಾಲದ ಕೊನೆ, ಕೆರೆ ತುಂಬಿರುತ್ತೆ, ಚೆನ್ನಾಗಿ ಮಳೆಯಾದ್ರೆ ಭೂತನಾಥ ಕಡೆಯ ಬಂಡೆ ಮೇಲಿಂದ ಅಕ್ಕ-ತಂಗಿ ಜಲಪಾತ ಎರಡು ಧಾರೆಯಾಗಿ ಬೀಳುತ್ತೆ, ಆಗ ಮೆಟ್ಟಿಲು ಜಾರುತ್ತೆ ಅನ್ನೋದು ಮಾತ್ರ ನೆನಪಿರ್ಲಿ. ಬನಶಂಕರಿ ಜಾತ್ರೆ ಪುಷ್ಯ ಮಾಸದ ಬನದ ಹುಣ್ಣಿಮೆಗೆ, ಜಾತ್ರೆಗೇ ಹೋಗೋದಾದ್ರೆ ಸರಿ, ಗುಹೆ ನೋಡೋಕೆ ಅಂತಾದ್ರೆ ಆ ದಿನಗಳಲ್ಲಿ ರಶ್ ತಡ್ಕೊಳ್ಳೋಕಾಗಲ್ಲ.

ರೈಲು ಇದೆ. ಗದಗ–ಬಾಗಲಕೋಟೆ ಲೈನಲ್ಲಿ ಬಾದಾಮಿ ಸ್ಟೇಷನ್ ಬರುತ್ತೆ, ಬೆಂಗಳೂರು ಕಡೆಯಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್ ರಾತ್ರಿ ಪ್ರಯಾಣಕ್ಕೆ ಅನುಕೂಲ, ಟೈಮಿಂಗ್ ಆಗಾಗ ಬದಲಾಗೋದ್ರಿಂದ ಬುಕ್ ಮಾಡೋ ದಿನವೇ ನೋಡ್ಕೊಳ್ಳಿ. ಸ್ಟೇಷನ್ನಿಂದ ಊರು ಸುಮಾರು 5 ಕಿ.ಮೀ., ಆಟೋ ಸಿಗುತ್ತೆ. ಬಸ್ಸಲ್ಲಾದ್ರೆ ಹುಬ್ಬಳ್ಳಿಗೆ ಬಂದು ಅಲ್ಲಿಂದ ನರಗುಂದ, ಕುಳಗೇರಿ ಕ್ರಾಸ್ ಮೇಲೆ ಬನ್ನಿ. ವಾಪಸ್ ಹೋಗೋ ಟಿಕೆಟ್ ರಾತ್ರಿಯದೇ ತಗೊಳ್ಳಿ, ಸಂಜೆ 4ರ ಗಾಡಿಗೆ ಓಡೋದಾದ್ರೆ ಭೂತನಾಥ ಕೈತಪ್ಪಿಹೋಗುತ್ತೆ.